ಗೋ ಆಟಕ್ಕೆ ಚದುರಂಗದ ಮಣೆ!

ಮಾನ್ಯರೇ,

ನಮ್ಮ ಬಡಾವಣೆಯ ಗ್ರಂಥಾಲಯದ ಮಣೆಯಾಟಗಳ ಪ್ರದರ್ಶನವನ್ನು ಹೊಗಳಿ ನೀವು ಪ್ರಕಟಿಸಿದ ವರದಿಯನ್ನು ನಂಬಿ, ಉರಿಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ಮೊಮ್ಮಗನನ್ನು ಕರೆದುಕೊಂಡು ಹೋದೆ. ಜಪಾನಿನ ಗೋ ಆಟವನ್ನು ಇಂಗ್ಲಿಷ್ ಓದುಗರಿಗೆ ಮೊದಲು ಪರಿಚಯಿಸಿದವರು ಎಡ್ವರ್ಡ್ ಲಾಸ್ಕರ್, 1934ರಲ್ಲಿ ಎಂದು ಅಲ್ಲಿನ ಫಲಕ ಸಾರುತ್ತದೆ. ನಿಮ್ಮ ವರದಿಗಾರರೂ ಅದನ್ನೇ ಇಳಿಸಿಕೊಂಡಿದ್ದಾರೆ. ಆದರೆ ಆರ್ಥರ್ ಸ್ಮಿತ್ 1908ರಲ್ಲಿಯೇ ನ್ಯೂಯಾರ್ಕಿನಿಂದ ಈ ಆಟದ ಕುರಿತು ಇಡೀ ಪುಸ್ತಕವೊಂದನ್ನು ಹೊರತಂದು, ಅದರ ಚರಿತ್ರೆ, ನಿಯಮಗಳು, ಆರಂಭದ ನಡೆಗಳು, ನುರಿತವರ ಪಂದ್ಯಗಳು ಎಲ್ಲವನ್ನೂ ವಿವರಿಸಿದ್ದರು. ಅವರು ಮುಖ್ಯವಾಗಿ ಆಧರಿಸಿದ್ದು, ಜಪಾನಿನಲ್ಲಿದ್ದು ಅಲ್ಲಿನ ಅಗ್ರಗಣ್ಯ ಆಟಗಾರ ಮುರಾಸೆ ಶೂಹೋ ಅವರಿಂದಲೇ ಕಲಿತ ಆಸ್ಕರ್ ಕೊರ್ಶೆಲ್ಟ್ 1880ರ ಸುಮಾರಿಗೆ ಜರ್ಮನ್ ಭಾಷೆಯಲ್ಲಿ ಬರೆದ ಲೇಖನಗಳನ್ನು. ಲಾಸ್ಕರ್ ದೊಡ್ಡವರೇ, ಅವರ ಪುಸ್ತಕದಿಂದ ಆಟ ಕಲಿತವರು ಬಹಳ. ಹಾಗೆಂದು ಸ್ಮಿತ್ ಹುಟ್ಟಿಯೇ ಇರಲಿಲ್ಲ ಎನ್ನಬಹುದೇ?

ಫಲಕದ ಕೆಳಗಿನ ಮಣೆಯನ್ನಂತೂ ನೋಡಿಯೇ ನಂಬಬೇಕು. ಅಡ್ಡ 19, ಉದ್ದ 19 ಗೆರೆಗಳು ಕೂಡುವ 361 ಬಿಂದುಗಳ ಮೇಲೆ ಕಾಯಿ ಇಡುವ ಆಟಕ್ಕೆ 64 ಮನೆಗಳ ಚದುರಂಗದ ಮಣೆ! ಕಾಯಿಗಳು ಕೇರಂನಿಂದ ಎರವಲು ಬಂದವು. ಅಲ್ಲಿದ್ದ ಮೇಲ್ವಿಚಾರಕರಿಗೆ ಇದನ್ನು ತಿಳಿಸಿದರೆ, 'ಲಿಖಿತ ಅರ್ಜಿ ಕೊಡಿ' ಎಂದರು. ಅರ್ಜಿ ಬರೆದು ಒಳಗೆ ಹೋದರೆ, ಸಾಹೇಬರು ಮೀಟಿಂಗ್‌ನಲ್ಲಿದ್ದರು. ಕಾಯಲು ಕುರ್ಚಿಯಿಲ್ಲ, ಫ್ಯಾನ್ ತಿರುಗುವುದಿಲ್ಲ, ಕುಡಿಯುವ ನೀರಿನ ಪಾತ್ರೆಯಲ್ಲಿ ನೀರಿನ ಬದಲು ಹಳೆಯ ರಸೀದಿಗಳು. ಕೊನೆಗೆ ಅರ್ಜಿಗೆ ಸ್ವೀಕೃತಿಯ ಮೊಹರನ್ನೂ ಒತ್ತಿಸಿಕೊಳ್ಳಲಾಗದೆ, ಹಸಿದ ಮಗುವಿನೊಂದಿಗೆ ಹಿಂತಿರುಗಿದೆ.

ಇದೇ ಸಾಹೇಬರು ಹಿಂದೊಮ್ಮೆ ನಿಘಂಟುಗಳನ್ನು ಬೀರುವಿನಲ್ಲಿಟ್ಟು ಬೀಗದ ಕೈ ಕಳೆದುಕೊಂಡವರು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಮಾತ್ರ ತಪ್ಪದೆ ವಸೂಲು ಮಾಡುವ ಇಲಾಖೆಗಳಿಗೆ, ಪ್ರದರ್ಶನಕ್ಕೆ ಮೊದಲು ಒಂದು ಪುಸ್ತಕ ತೆರೆದು ನೋಡುವ ಅಭ್ಯಾಸವಿಲ್ಲವೆಂದರೆ, ಅದೂ ಗ್ರಂಥಾಲಯದಲ್ಲಿಯೇ ಇಲ್ಲವೆಂದರೆ, ಏನು ಹೇಳುವುದು?

ಸಂಬಂಧಪಟ್ಟವರು ಕೂಡಲೇ ಫಲಕವನ್ನು ತಿದ್ದಬೇಕು, ಇಲ್ಲವೇ ಪ್ರದರ್ಶನವನ್ನು ಮುಚ್ಚಬೇಕು. ತಾವೂ ತಿದ್ದುಪಡಿ ಪ್ರಕಟಿಸಬೇಕು. ಅಧಿಕಾರಿಗಳಿಗೆ ಇಷ್ಟೂ ಆಗದಿದ್ದರೆ, ಮಕ್ಕಳನ್ನು ಕರೆದು ತಪ್ಪು ಕಲಿಸುವ ಉಪಕಾರವನ್ನಾದರೂ ನಿಲ್ಲಿಸಲಿ.

– ನೊಂದ ಓದುಗ, ಬೆಂಗಳೂರು