ಮಗಳಿಗೊಂದು ಪತ್ರ: ಬಾಗಿಲು ಹಾಕಿ ಸೈಕಲ್ ಸ್ಟಾರ್ಟ್ ಒತ್ತು

ಅನು,

ನೀನು ಫೋನ್ ಎತ್ತಲ್ಲ, ನನಗೆ ವಾಟ್ಸಾಪ್‌ನಲ್ಲಿ ಇಷ್ಟುದ್ದ ಟೈಪ್ ಮಾಡೋಕೆ ಬರಲ್ಲ. ಅದಕ್ಕೇ ಹಳೇ ಇನ್‌ಸ್ಪೆಕ್ಷನ್ ರಿಪೋರ್ಟ್‌ಗಳ ಹಿಂಬದಿಯಲ್ಲಿ ಬರೀತಿದ್ದೀನಿ. ನಾಳೆ ತುಮಕೂರಿಗೆ ಕ್ಯಾಸ್ಟಿಂಗ್ ತರೋಕೆ ಟೆಂಪೋ ಹೋಗುತ್ತೆ, ಅದರಲ್ಲಿ ಕಳಿಸ್ತೀನಿ. ಊಟ ತಿಂಡಿ ಚೆನ್ನಾಗೇ ಮಾಡ್ತಿದ್ದೀಯ ಅಂತ ನಿಮ್ಮತ್ತೆ ಹೇಳಿದ್ರು. ವಸಂತನರಸಾಪುರದಲ್ಲಿ ಇಂಟರ್‌ವ್ಯೂ ಆಯ್ತು, ಮಷೀನ್ ಸೆಟ್ಟರ್ ಕೆಲಸ, ಒಂದನೇ ತಾರೀಕಿಂದ ಬರೋಕೆ ಹೇಳಿದ್ದಾರೆ ಅನ್ನೋದನ್ನೂ ಅವರೇ ಹೇಳಿದ್ರು. ನೀನೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಅಂತಿದ್ದೆ. ಅದಿರಲಿ.

ಗುರುವಾರ ರಾತ್ರಿ ನಡೆದಿದ್ದನ್ನ ಮತ್ತೆ ಬರೆಯಲ್ಲ, ಇಬ್ಬರೂ ಅಲ್ಲೇ ಇದ್ವಿ. ಹುಡುಗರ ಮುಂದೆ ಅಷ್ಟು ಜೋರಾಗಿ ಕೂಗಬಾರದಿತ್ತು, ಅಷ್ಟು ಒಪ್ಕೋತೀನಿ. ಶಾಪ್‌ನಲ್ಲಿ ಹೆಂಗಸಿನ ಮಾತು ನಡೆಯೋಕೆ ಎಷ್ಟು ಕಾಲ ಬೇಕು ಅಂತ ನನಗೆ ಗೊತ್ತು. ಆ ಇಬ್ಬರು ಹುಡುಗರು ಆಫ್‌ಸೆಟ್, ಅಂದ್ರೆ ಟೂಲ್ ಎಷ್ಟು ಸರಿಸಬೇಕು ಅನ್ನೋ ಲೆಕ್ಕ, ಕೇಳೋಕೆ ನಿಮ್ಮಪ್ಪನ್ನ ಬಿಟ್ಟು ನಿನ್ನ ಹತ್ರ ಬರೋಕೆ ಶುರು ಮಾಡಿದ್ದೇ ಈಚೆಗೆ. ಅಂಥಾದ್ರಲ್ಲಿ ನಾನು ಅವರೆದುರಿಗೇ, ಬಾಗಿಲು ತೆರೆದು ಓಡಿಸ್ತಿದ್ದ ಮಷೀನ್ ಮುಂದಿಂದ ನಿನ್ನ ಕೈ ಹಿಡಿದು ಎಳೆದೆ. ಒಳಗೆ ಕರೆದು ಬೈಬೇಕಿತ್ತು. ಬೈಯೋದಂತೂ ಬೈತಿದ್ದೆ.

ಕಂಪ್ಯೂಟರ್ ಲೇತಿನ ಡೋರ್ ಸ್ವಿಚ್‌ನಿಂದ ಕಿತ್ತ ಆ ಕೀ ನನ್ನ ಹತ್ರಾನೇ ಇದೆ. ವಾಪಸ್ ಕೊಡಲ್ಲ. ಹೆಬ್ಬೆರಳಷ್ಟು ಉದ್ದದ ತಗಡು, ಸ್ವಿಚ್ಚಿನ ಬಾಯಿಗೆ ಸಿಕ್ಕಿಸಿದ್ರೆ ಬಾಗಿಲು ಹಾ ಅಂತ ತೆರೆದಿದ್ರೂ ಮುಚ್ಚಿದೆ ಅಂತ ಮಷೀನ್ ನಂಬುತ್ತೆ. ಪೀಣ್ಯದಲ್ಲಿ ಎಲ್ಲರೂ ಹಾಕ್ತಾರೆ ಅಂದೆ ನೀನು. ಹೌದು, ಹಾಕ್ತಾರೆ. ನಾನೂ ಪೀಣ್ಯದವಳೇ.

ಮೇಷ್ಟ್ರ ವಿಷಯ ನಿನಗೆ ಹೇಳಿದ್ದೀನಿ, ಆದ್ರೆ ‘ಕೈಗೆ ಏಟಾಗಿ ಕೆಲಸ ಬಿಟ್ಟರು’ ಅಂತ ಒಂದೇ ಸಾಲಲ್ಲಿ. ಇಡೀದು ಯಾವತ್ತೂ ಹೇಳಿಲ್ಲ. ನಿಮ್ಮಪ್ಪನಿಗೂ ಪೂರ್ತಿ ಗೊತ್ತಿಲ್ಲ.

ಐಟಿಐ ಮುಗಿಸಿ ನಾನು ಸೇರಿದ ಮೊದಲನೇ ಶಾಪ್ ಅದು, ಪೀಣ್ಯ ಎರಡನೇ ಹಂತದಲ್ಲಿ. ಹುಡುಗಿ ಅಂತ ಮಷೀನ್ ಕೊಡಲಿಲ್ಲ, ಕೈಗೆ ಅಳತೆ ನೋಡೋ ವರ್ನಿಯರ್ ಕೊಟ್ಟು ಮೂಲೆಯಲ್ಲಿ ಕೂರಿಸಿದ್ರು. ಸಂಜೆ 7ಕ್ಕೆ ಹೊರಟುಬಿಡಬೇಕಿತ್ತು. 1948ರ ಫ್ಯಾಕ್ಟರಿ ಕಾಯ್ದೆ ಹೆಂಗಸರಿಗೆ ಬೆಳಿಗ್ಗೆ 6ರಿಂದ ಸಂಜೆ 7ರ ತನಕ ಮಾತ್ರ ಅಂತ ಗೆರೆ ಎಳೆದಿತ್ತು. ಈಗ ಅದನ್ನ ಸಡಿಲಿಸಿದ್ದಾರೆ, ನೀನು ನೈಟ್ ಶಿಫ್ಟ್ ಮಾಡ್ತೀಯ. ಪ್ರೋಗ್ರಾಂ ಓದೋದನ್ನ ನನಗೆ ಕಲಿಸಿದ್ದು ಅಲ್ಲಿನ ಹಿರಿಯ ಆಪರೇಟರ್. ನಾವೆಲ್ಲ ಮೇಷ್ಟ್ರು ಅಂತಿದ್ವಿ. ಊಟದ ಹೊತ್ತಲ್ಲಿ ಬೀಡಿ ಪ್ಯಾಕೆಟ್ ಮೇಲೆ ಜಿ-ಕೋಡ್, ಅಂದ್ರೆ ಮಷೀನಿಗೆ ಕೊಡೋ ಆದೇಶ, ಬರೆದು ತೋರಿಸೋರು. ಪಾಯಿಂಟ್ ಬಿಟ್ಟು ಜಡ್100 ಅಂತ ಬರೆದ್ರೆ ಮಷೀನ್ 0.1 ಮಿ.ಮೀ. ಅಂತ ಓದುತ್ತೆ ಕಣಮ್ಮಾ, ಟೂಲ್ ಬಂದು ಜಾಬ್ ಮೇಲೆ ಕೂರುತ್ತೆ ಅಂತ ಅವರು ಹೇಳಿದ್ದು ಇವತ್ತಿಗೂ ನೆನಪಿದೆ. ನಿನ್ನ ಪ್ರೋಗ್ರಾಂನಲ್ಲಿ ನಾನು ಮೊದಲು ಪಾಯಿಂಟ್‌ಗಳನ್ನೇ ಹುಡುಕೋದು ಅದಕ್ಕೇ. ನೀನು ನಗ್ತೀಯ.

ಅವತ್ತು ಹಾಕಿದ್ದು ಸಿಐ, ಅಂದ್ರೆ ಎರಕದ ಕಬ್ಬಿಣದ ಬ್ಲಾಂಕ್. 160 ಮಿ.ಮೀ. ಡಯಾ, ನಾಲ್ಕು ಕೆಜಿಗೂ ಮೇಲೆ ತೂಕ. ಹೊರಗಿನಿಂದ ನಡುವಿನ ತನಕ ಮುಖ ಸಪಾಟು ಮಾಡೋ ಫೇಸಿಂಗ್, ಜಿ96ನಲ್ಲಿ 200: ಕತ್ತರಿಸೋ ವೇಗ ನಿಮಿಷಕ್ಕೆ 200 ಮೀಟರಲ್ಲೇ ಇರಬೇಕು, ಅದಕ್ಕೆ ಟೂಲ್ ನಡುವಿಗೆ ಹೋದ ಹಾಗೆ ಜಾಬ್ ತಿರುಗಿಸೋ ಸ್ಪಿಂಡಲ್ ಜೋರಾಗ್ತಾ ಹೋಗುತ್ತೆ. ಅರ್ಧ ಫೇಸಿಂಗ್‌ನಲ್ಲಿ ಕರೆಂಟ್ ಹೋಯ್ತು. ಬಂದ ಮೇಲೆ ಮೇಷ್ಟ್ರು ಹೋಮ್ ತಗೊಂಡು, ಟೂಲಿನ ತುದಿಯ ಇನ್ಸರ್ಟ್ ಮೂಲೆ ತಿರುಗಿಸಿ, ಪ್ರೋಗ್ರಾಂ ತಲೆಯಿಂದ ಹಾಕೋದು ಬಿಟ್ಟು ಆ ಟೂಲಿನ ಸಾಲಿಂದಲೇ ಶುರು ಮಾಡಿದ್ರು. ಎಲ್ಲರೂ ಹಾಗೇ ಮಾಡ್ತಾರೆ, ಎರಡು ನಿಮಿಷ ಉಳಿಯುತ್ತೆ. ಆದ್ರೆ ಸ್ಪಿಂಡಲ್‌ಗೆ ಇಷ್ಟಕ್ಕಿಂತ ಮೇಲೆ ಹೋಗಬೇಡ ಅಂತ ಹೇಳೋ ಜಿ50 ಸಾಲು ಇದ್ದಿದ್ದು ಪ್ರೋಗ್ರಾಂ ತಲೆಯಲ್ಲಿ ಮಾತ್ರ. ಕರೆಂಟ್ ಹೋದಾಗ ಮಷೀನ್ ಆ ಮಿತಿ ಮರೆತಿತ್ತು, ಮತ್ತೆ ಓದಿಸಿರಲಿಲ್ಲ.

ಲೆಕ್ಕ ನಿನಗೆ ನಾನು ಹೇಳಬೇಕಾಗಿಲ್ಲ, ಆದ್ರೂ ಬರೀತೀನಿ. 160 ಡಯಾದಲ್ಲಿ 200 ಅಂದ್ರೆ ಸುಮಾರು 400 ಆರ್‌ಪಿಎಂ. ಟೂಲ್ 20 ಡಯಾಕ್ಕೆ ಬರೋ ಹೊತ್ತಿಗೆ ಸುಮಾರು 3200. ವೇಗ ಎಂಟರಷ್ಟು, ಜಾಬ್ ಕಚ್ಚಿ ಹಿಡಿದಿರೋ ಚಕ್ಕಿನ ಹಲ್ಲುಗಳನ್ನ (ಜಾ) ಹೊರಕ್ಕೆ ಎಳೆಯೋ ಬಲ ಅರವತ್ತನಾಲ್ಕರಷ್ಟು. ಚಕ್ ಪ್ರೆಷರ್ ಗೇಜ್ ನೋಡಿದ್ರೆ ಮುಳ್ಳು ಇದ್ದಲ್ಲೇ ಇರುತ್ತೆ, ಒಳಗೆ ಹಿಡಿತ ಸಡಿಲ ಆಗಿರೋದು ಅದಕ್ಕೆ ಗೊತ್ತಾಗಲ್ಲ.

ಆ ಸದ್ದು. ಕುಕ್ಕರ್ ಕೂಗೋಕೆ ಮುಂಚೆ ಸೊಯ್ ಅಂತ ಏರ್ಕೊಂಡು ಹೋಗುತ್ತಲ್ಲ, ಹಾಗೆ ಸ್ಪಿಂಡಲ್ ಏರ್ತಾ ಹೋಯ್ತು. ನಾನು ತಲೆ ಎತ್ತಿದೆ. ಬಾಗಿಲು ತೆರೆದಿತ್ತು, ಅಲ್ಲೂ ಸ್ವಿಚ್ಚಿನೊಳಗೆ ಒಂದು ತುಂಡು ಸಿಕ್ಕಿಸಿದ್ರು. ಮೇಷ್ಟ್ರಿಗೂ ಸದ್ದು ಕೇಳಿಸಿತು, ಕೇಳಿಸದೇ ಇರುತ್ತಾ? ಬಲಗೈ ಎಮರ್ಜೆನ್ಸಿ ಕಡೆ ಹೋಗ್ತಿತ್ತು. ಬಟನ್‌ಗೂ ಕೈಗೂ ಒಂದು ಗೇಣು. ಜಾಬ್ ಹೊರಗೆ ಬಂದಿದ್ದು ನನಗೆ ಕಾಣಲೇ ಇಲ್ಲ. ಗೇಜ್ ಇಡೋ ಬೀರು ಒಳಕ್ಕೆ ನುಗ್ಗಿದ್ದು ಕಂಡಿತು, ಆಮೇಲೆ ಮೇಷ್ಟ್ರು ತಮ್ಮ ಮಣಿಕಟ್ಟನ್ನ ಇನ್ನೊಂದು ಕೈಯಲ್ಲಿ ಹಿಡ್ಕೊಂಡು ನಿಂತಿದ್ದು. ಕೂಗಲಿಲ್ಲ. ‘ಕೂಲೆಂಟ್ ಆಫ್ ಮಾಡು’ ಅಂದ್ರು ನನಗೆ. ಸ್ಪಿಂಡಲ್ ಖಾಲಿ ಚಕ್ ಹಿಡ್ಕೊಂಡು ಇನ್ನೂ ತಿರುಗ್ತಾನೇ ಇತ್ತು.

ಆ ಕೈಯಲ್ಲಿ ಅವರು ಮತ್ತೆ ಮೈಕ್ರೋಮೀಟರ್ ಹಿಡೀಲಿಲ್ಲ.

ನಿನ್ನ ಕೆಲಸದ ಬಗ್ಗೆ ಹೇಳಬೇಕು ಅಂತ ಶುರು ಮಾಡಿದ್ದು, ಎಲ್ಲಿಗೋ ಹೋಯ್ತು. ಆ ಬುಷ್‌ಗಳಿಗೆ ನಾವು ಸೈಜಿಗೊಂದು ಪ್ರೋಗ್ರಾಂ ಇಟ್ಕೊಂಡು ವರ್ಷಗಟ್ಟಲೆ ಒದ್ದಾಡಿದ್ವಿ. ನೀನು ಬಂದು ಎಲ್ಲಕ್ಕೂ ಒಂದೇ ಮ್ಯಾಕ್ರೋ ಬರೆದೆ. ಮೇಲೆ ಡಯಾ, ಉದ್ದ, ಅಂಚಿನ ಚ್ಯಾಂಫರ್ ತುಂಬಿದ್ರೆ ಮುಗೀತು. ನಿಮ್ಮಪ್ಪ ಅದನ್ನ ಕಸ್ಟಮರ್ ಕಡೆಯವರು ಬಂದಾಗಲೆಲ್ಲ ಸ್ಕ್ರೀನ್ ಮುಂದೆ ನಿಲ್ಲಿಸಿ ತೋರಿಸ್ತಾರೆ, ‘ನನ್ನ ಮಗಳು’ ಅಂತ. ನಿನ್ನ ಮುಂದೆ ತೋರಿಸಿಕೊಳ್ಳಲ್ಲ ಅಷ್ಟೆ. ನಾನೂ ಹೇಳಿರಲಿಲ್ಲ. ಪ್ರತಿ ಟೂಲಿನ ತಲೆಯಲ್ಲೂ ನೀನು ಜಿ50 ಹಾಕಿರೋದನ್ನ ಮೊದಲ ಸಲ ನೋಡಿದಾಗ ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ ನಿನಗೆ. ಜಿಟಿಟಿಸಿ ಟ್ರೈನಿಂಗ್‌ನಲ್ಲಿ ಕಲಿಸಿದ್ರೋ, ನೀನೇ ಯೋಚನೆ ಮಾಡಿದ್ಯೋ, ಕೇಳಲಿಲ್ಲ.

ಗುರುವಾರವೂ ಅದನ್ನೇ ಅಂದೆ: ‘ಅಮ್ಮಾ, ಜಿ50 ಇದೆಯಲ್ಲ, ಏನಾಗುತ್ತೆ?’ ಸರಿ, ನಿನ್ನ ಪ್ರೋಗ್ರಾಂನಲ್ಲಿ ಇದೆ. ಸಾಫ್ಟ್ ಜಾ ಸರಿಯಾಗಿ ಬೋರ್ ಮಾಡಿರದೇ ಇದ್ರೆ? ಕ್ಯಾಸ್ಟಿಂಗ್ ಹೊರಮೈ ಓರೆ ಇದ್ರೆ? ಒಳಗೊಂದು ಗಟ್ಟಿ ಗಂಟು ಸಿಕ್ಕಿ ಇನ್ಸರ್ಟ್ ಒಡೆದ್ರೆ? ಸಿಐ ಒಂದೇ ಡಬ್ಬಿಯಲ್ಲಿ ಬಂದಿದ್ರೂ ಒಂದೊಂದು ಒಂದೊಂದು ಥರ ಇರುತ್ತೆ. ಇವೆಲ್ಲ ಯಾವ ಸಾಲಿನಲ್ಲೂ ಬರೆಯೋಕಾಗಲ್ಲ.

ಬಾಗಿಲು ಹಾಕಿದ್ರೆ ಕಾಣಲ್ಲ ಅಂತ ನೀನು ಹೇಳಿದ್ದು ಮಾತ್ರ ನಿಜ. ನಾನು ಮಾರನೇ ದಿನ ಕಿಟಕಿಯಲ್ಲಿ ಇಣುಕಿ ನೋಡಿದೆ, ಮಂಜು ಮಂಜು. ಆ ಪಾಲಿಕಾರ್ಬೊನೇಟ್ ಶೀಟ್ ಕೂಲೆಂಟ್ ಬಿದ್ದೂ ಬಿದ್ದೂ ಮಬ್ಬಾಗಿದೆ. ಮಬ್ಬಾಗೋದಷ್ಟೇ ಅಲ್ಲ, ವರ್ಷಗಳು ಕಳೆದ ಹಾಗೆ ಅದರ ಗಟ್ಟಿತನವೂ ಹೋಗುತ್ತೆ, ಹೊಡೆತ ಬಿದ್ರೆ ತಡೆಯಲ್ಲ. ಹೊಸದಕ್ಕೆ ಮಷೀನ್ ಕಂಪನಿಯವರಿಗೆ ಆರ್ಡರ್ ಕೊಟ್ಟಿದ್ದೀನಿ. ನಿಮ್ಮಪ್ಪ ರೇಟ್ ಕೇಳಿ ಬಾಯಿ ತೆರೆದ್ರು, ಏನೂ ಮಾತಾಡಲಿಲ್ಲ. ಒಳಗಿನ ಲೈಟೂ ಬದಲಾಯಿಸ್ತಿದ್ದೀವಿ. ಶೀಟ್ ಬರೋ ತನಕ ಫಸ್ಟ್ ಪೀಸ್‌ಗೆ ವರ್ಕ್ ಆಫ್‌ಸೆಟ್‌ನಲ್ಲಿ ಜಡ್ 100 ಮಿ.ಮೀ. ದೂರ ಸರಿಸಿ ಗಾಳಿಯಲ್ಲಿ ಒಂದು ಸಲ ಓಡಿಸಬೇಕು, ಆಮೇಲೆ ಒಂದೊಂದೇ ಸಾಲು ಓಡಿಸೋ ಸಿಂಗಲ್ ಬ್ಲಾಕ್, ಟೂಲಿನ ಓಟ ತಗ್ಗಿಸೋ ಫೀಡ್ ಓವರ್‌ರೈಡ್ ಮೇಲೆ ಕೈ. ಜಾಬ್‌ಗೆ ಹತ್ರ ಬಂದಾಗ ಫೀಡ್ ಸೊನ್ನೆಗೆ ತಂದು ಸ್ಕ್ರೀನಿನಲ್ಲಿ ‘ಡಿಸ್ಟೆನ್ಸ್ ಟು ಗೋ’ ನೋಡು. ಟೂಲ್ ಜಾಬ್‌ನಿಂದ ಐದು ಮಿ.ಮೀ. ಇರುವ ಹಾಗೆ ಕಂಡು ಇನ್ನೂ ಅರವತ್ತು ಹೋಗಬೇಕು ಅಂತ ಮಷೀನ್ ಹೇಳ್ತಿದ್ರೆ ಅಲ್ಲೇ ನಿಲ್ಲಿಸು. ಬಾಗಿಲು ತೆರೆದು ನೋಡೋ ಅವಶ್ಯಕತೇನೇ ಬೀಳಲ್ಲ. ಗೊತ್ತಿರೋದನ್ನೇ ಹೇಳ್ತಿದ್ದೀನಿ ಅಂತ ನಿನಗೆ ಸಿಟ್ಟು ಬರ್ತಿರಬೇಕು. ಬರಲಿ. ಜಾಲಹಳ್ಳಿ ಎಚ್‌ಎಂಟಿಯಲ್ಲಿದ್ದ ನಿಮ್ಮ ತಾತ ರಿಟೈರ್ ಆದ ಮೇಲೂ ನಮ್ಮ ಶಾಪ್ ಬಾಗಿಲಲ್ಲಿ ನಿಂತು ‘ಉಂಗುರ ತೆಗೆದ್ಯಾ, ವಾಚ್ ಬಿಚ್ಚಿದ್ಯಾ’ ಅಂತ ನನ್ನನ್ನ ಕೇಳ್ತಿದ್ರು, ನಾನು ಆಗಲೇ ನಾಲ್ಕು ಜನಕ್ಕೆ ಸಂಬಳ ಕೊಡ್ತಿದ್ದೆ.

ಅವತ್ತು ನಿನಗೆ ಆತುರ ಯಾಕಾಯ್ತು ಅಂತಲೂ ಗೊತ್ತು. ಶುಕ್ರವಾರ ಬೆಳಿಗ್ಗೆ ಫ್ಲ್ಯಾಂಜ್ ಹೋಗಬೇಕಿತ್ತು, ತಿಂಗಳ ಕಂತು ಹತ್ರ ಬಂದಿತ್ತು, ರಾತ್ರಿ ಊಟಕ್ಕೆ ಕೂತಾಗ ನಾವಿಬ್ಬರೂ ಅದನ್ನೇ ಮಾತಾಡಿದ್ವಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ, 2006ರಿಂದ. ನಮಗೆ ಬರೋದು ಯಾವಾಗ ಅಂತ ನೀನೇ ಅಕೌಂಟ್ಸ್ ನೋಡ್ತೀಯ. ಆದ್ರೆ ಆ ಫ್ಲ್ಯಾಂಜ್ ಶನಿವಾರ ಹೋಯ್ತು, ಕಸ್ಟಮರ್ ಎರಡು ಮಾತು ಬೈದ್ರು, ನಿಮ್ಮಪ್ಪ ಹೂಂ ಹೂಂ ಅಂದ್ರು, ಮುಗೀತು. ಅಷ್ಟೇ ಆಗೋದು ಲೇಟ್ ಆದ್ರೆ.

ನೀನಿಲ್ಲದೆ ಶಾಪ್ ಹೇಗಿದೆ ಅಂತ ಕೇಳಲ್ಲ ನೀನು, ನಾನೇ ಹೇಳ್ತೀನಿ. ಚಿಕ್ಕ ಹುಡುಗ ಟೂಲ್ ಸವೆತಕ್ಕೆ ಹಾಕೋ ವೇರ್ ಆಫ್‌ಸೆಟ್‌ನಲ್ಲಿ ಸ್ವಲ್ಪ ಕೂಡಿಸೋಕೆ ಹೋಗಿ ‘+ಇನ್‌ಪುಟ್’ ಬದಲು ‘ಇನ್‌ಪುಟ್’ ಒತ್ತಿದ. ಅಲ್ಲಿ ತನಕ ಕೂಡಿಸಿ ಇಟ್ಟಿದ್ದೆಲ್ಲ ಅಳಿಸಿಹೋಗಿ ಒಂದಷ್ಟು ಬುಷ್ ಓವರ್‌ಸೈಜ್. ಪುಣ್ಯಕ್ಕೆ ಹೊರ ಡಯಾ, ರೀವರ್ಕ್ ಆಯ್ತು. ಬೋರ್ ಆಗಿದ್ರೆ ಎಲ್ಲ ಸ್ಕ್ರ್ಯಾಪ್. ಬೈಯೋಕೆ ಬಾಯಿ ತೆರೆದೆ, ಗುರುವಾರ ನೆನಪಾಗಿ ಆಫೀಸಿನೊಳಗೆ ಕರೆದೆ. ಅವನು ಮೊದಲು ಕೇಳಿದ್ದು ‘ಮೇಡಂ ಯಾವಾಗ ಬರ್ತಾರೆ?’ ಅಂತ. ಮೇಡಂ ಅಂದ್ರೆ ನಾನಲ್ಲ.

ವಸಂತನರಸಾಪುರದ್ದು ದೊಡ್ಡ ಫ್ಯಾಕ್ಟರಿ, ಪಿಎಫ್ ಇರುತ್ತೆ, ಹೊಸ ಮಷೀನ್‌ಗಳು. ಹೋಗಬೇಡ ಅನ್ನಲ್ಲ. ನಮ್ಮಲ್ಲಿ ಇರೋದು ಒಂದು ಟರ್ನಿಂಗ್ ಸೆಂಟರು, ಒಂದು ವಿಎಂಸಿ ಮಿಲ್ಲಿಂಗ್ ಮಷೀನು, ತಾತನ ಹಟಕ್ಕೆ ಇಟ್ಕೊಂಡಿರೋ ಒಂದು ಹಳೇ ಲೇತು. ಎಷ್ಟು ದಿನ ಅಂತ ನೀನಿಲ್ಲಿ ಬುಷ್ ತಿರುವ್ತೀಯ ಅಂತ ನನಗೂ ಅನಿಸುತ್ತೆ. ಹೋದ್ರೆ ಮೊದಲನೇ ದಿನ ಆ ಲೈನಿನ ಡೋರ್ ಸ್ವಿಚ್‌ಗಳನ್ನ ನೋಡು. ತುಂಡು ಸಿಕ್ಕಿಸಿದ್ರೆ ತೆಗೆಯೋಕೆ ಹೇಳು. ‘ಇಲ್ಲೆಲ್ಲ ಹೀಗೇ’ ಅಂದ್ರೆ ಆ ಮಷೀನ್ ಮುಟ್ಟಬೇಡ, ಸಂಬಳ ಎಷ್ಟಾದ್ರೂ ಇರಲಿ. ಹೊಸಬಳು ಅಂತ ಹೇಳೋಕೆ ಹಿಂಜರೀತೀಯ. ನಾನು ಹಿಂಜರಿದಿದ್ದೆ, ಇಪ್ಪತ್ತರ ಹುಡುಗಿ, ವರ್ನಿಯರ್ ಹಿಡ್ಕೊಂಡು ಕೂತವಳು, ಮೇಷ್ಟ್ರಿಗೇ ಬಾಗಿಲು ಹಾಕಿ ಅನ್ನೋಕೆ ನನಗೇನು ಅರ್ಹತೆ ಅಂತ. ಬಾಗಿಲು ತೆರೆದಿದ್ದು ನನಗೆ ದಿನಾ ಕಾಣ್ತಿತ್ತು. ಸದ್ದು ಏರೋಕೆ ಶುರುವಾಗಿ ಎಷ್ಟು ಸೆಕೆಂಡ್ ಇತ್ತು ಅಂತ ಎಷ್ಟೋ ಸಲ ಎಣಿಸಿದ್ದೀನಿ. ಆ ಫೀಡಿಗೆ ಲೆಕ್ಕ ಹಾಕಿದ್ರೆ ಹತ್ತು ಹನ್ನೆರಡು ಸೆಕೆಂಡ್ ಇರುತ್ತೆ. ಮೇಷ್ಟ್ರೇ ಅಂತ ಕರೆಯೋಕೆ ಒಂದೇ ಸಾಕು.

ಗುರುವಾರ ನೀನು ಟಾರ್ಚ್ ಬಿಟ್ಟುಕೊಂಡು ಒಳಗೆ ಬಗ್ಗಿದ್ದೆ, ಟೂಲ್ ನಡುವಿನ ಕಡೆ ಹೋಗ್ತಿತ್ತು, ಸ್ಪಿಂಡಲ್ ಏರ್ತಿತ್ತು. ನಿನ್ನ ಜಿ50ಗೆ ಬಂದು ನಿಲ್ಲುತ್ತೆ ಅಂತ ನಿನಗೆ ಗೊತ್ತಿತ್ತು. ಗೇಟಿನ ಹತ್ರ ಚಪ್ಪಲಿ ಬಿಡ್ತಿದ್ದ ನನಗೆ ಕೇಳಿಸಿದ್ದು ಸದ್ದು ಮಾತ್ರ.

ಇಷ್ಟು ಸಾಕು, ಪೇಪರೂ ಮುಗೀತಾ ಬಂತು. ನಿಮ್ಮತ್ತೆಗೆ ತೊಂದರೆ ಕೊಡಬೇಡ, ಮೊಣಕಾಲು ನೋವು ಅಂತಾರೆ, ಬಟ್ಟೆ ನೀನೇ ಒಗ್ಕೋ. ಸೇಫ್ಟಿ ಶೂ ಇಲ್ಲೇ ಬಿಟ್ಟು ಹೋಗಿದ್ದೀಯ, ಈ ಪತ್ರದ ಜೊತೆ ಕಳಿಸ್ತಿದ್ದೀನಿ. ಕಳಿಸಿದ್ದಕ್ಕೆ ಹೋಗು ಅಂತ ಅರ್ಥ ಮಾಡ್ಕೋಬೇಡ, ಬೇಡ ಅಂತಲೂ ಅಲ್ಲ.

ಇನ್ನೊಂದು. ಸೋಮವಾರ 32ರ ಬುಷ್ ಹಾಕಬೇಕು. ನಿನ್ನ ಮ್ಯಾಕ್ರೋದಲ್ಲಿ ಚ್ಯಾಂಫರ್ ತುಂಬೋದು ವೇರಿಯಬಲ್ 104ರಲ್ಲೋ 105ರಲ್ಲೋ? ನಿಮ್ಮಪ್ಪ ಖಂಡಿತ 104 ಅಂತಿದ್ದಾರೆ. ನನಗೆ ಅನುಮಾನ. ನಿನ್ನಿಂದ ಉತ್ತರ ಬರೋ ತನಕ ಯಾರೂ ಲೋಡ್ ಮಾಡಬೇಡಿ ಅಂತ ಪ್ಯಾನೆಲ್ ಮೇಲೆ ಚೀಟಿ ಅಂಟಿಸಿದ್ದೀನಿ.

ಅಮ್ಮ