ಹಳೆಯ ನೆಲದ ಬಣ್ಣದ ಕೆಲಸ ಕೆಟ್ಟಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನೆಲದ ಬಣ್ಣ ಮತ್ತು ಪಾಲಿಶ್ ವಿಭಾಗ,
ಬಳ್ಳಾರಿ

ವಿಷಯ: ಕಾಂಕ್ರೀಟ್ ನೆಲಕ್ಕೆ ಹಾಕಿದ ಆಸಿಡ್ ಸ್ಟೇನ್ (ಸಿಮೆಂಟಿನ ಸುಣ್ಣದೊಂದಿಗೆ ಸೇರಿ ಬಣ್ಣ ಕಟ್ಟುವ ದ್ರಾವಣ) ಮೂರೇ ವಾರದಲ್ಲಿ ಹಾಳಾಗಿರುವುದು

ಮಾನ್ಯರೇ,

ಕೌಲ್ ಬಜಾರಿನ ನಮ್ಮ ಮನೆಯ ಪಡಸಾಲೆಯ ನೆಲ 40 ವರ್ಷ ಹಳೆಯದು. 180 ಚದರ ಅಡಿಗೆ ಕಂದು ಬಣ್ಣದ ಸ್ಟೇನ್ ಹಾಕಲು ನಿಮ್ಮವರು 16,200 ರೂಪಾಯಿ ಪಡೆದಿದ್ದಾರೆ. ಈಗ ಓಡಾಡುವ ದಾರಿಯುದ್ದಕ್ಕೂ ಸೀಲರ್, ಅಂದರೆ ಬಣ್ಣ ಉಳಿಯಲೆಂದು ಮೇಲೆ ಬಳಿದ ಲೇಪ, ಹಪ್ಪಳದಂತೆ ಏಳುತ್ತಿದೆ. ಅಂಗಾಲಿಗೆ ಕಂದು ಪುಡಿ ಮೆತ್ತುತ್ತಿದೆ. ಕಿಟಕಿಯ ಬದಿಯಲ್ಲಂತೂ ಬಣ್ಣವೇ ಹಿಡಿದಿಲ್ಲ.

ಈ ನೆಲಕ್ಕೆ ನಮ್ಮ ತಾಯಿ ಪ್ರತಿ ದೀಪಾವಳಿಗೆ ಮೇಣದ ಪಾಲಿಶ್ ಹಚ್ಚುತ್ತಿದ್ದರು, ಕಿಟಕಿಯ ಬಳಿ ಹಿಂದೊಮ್ಮೆ ರೆಕ್ಸಿನ್ ಹಾಸು ಅಂಟಿಸಿದ್ದೆವು ಎಂದು ಮೊದಲ ದಿನವೇ ಹೇಳಿದ್ದೆ. ಅರ್ಧ ಲೋಟ ನೀರು ಚೆಲ್ಲಿಯೂ ತೋರಿಸಿದೆ. ಇಂಗದೆ ಹನಿಹನಿಯಾಗಿ ನಿಂತಿತು. ನೀರೇ ಇಳಿಯದ ಕಡೆ ಬಣ್ಣ ಇಳಿದೀತೇ? ಮೇಸ್ತ್ರಿ ಯಂತ್ರದಿಂದ ಮೇಣ, ಗೋಂದು ಉಜ್ಜಿ ತೆಗೆಯುವ ಬದಲು ಶೌಚಾಲಯ ತೊಳೆಯುವ ಆಸಿಡ್ ಸುರಿದರು. ಮೇಣಕ್ಕಾಗಲಿ ಗೋಂದಿಗಾಗಲಿ ಅದರಿಂದ ಏನೂ ಆಗಲಿಲ್ಲ. ಬರಿಯ ಸಿಮೆಂಟ್ ಇದ್ದ ಕಡೆ ಮಾತ್ರ, ಸ್ಟೇನ್ ಬಣ್ಣ ಕಟ್ಟಲು ಬೇಕಾದ ಸುಣ್ಣದ ಅಂಶವನ್ನೇ ಅದು ತಿಂದುಹಾಕಿತು. ಗಂಜಿ ತೆಗೆಯದ ಬಟ್ಟೆಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲವೆಂದು ಜೀನ್ಸ್ ಕೆಲಸಕ್ಕೆ ಹೋಗುವ ನಮ್ಮ ಓಣಿಯ ಹುಡುಗರಿಗೂ ಗೊತ್ತು.

ಸ್ಟೇನ್ ಹಾಕಿದ ಮರುದಿನ ಸೋಡಾಪುಡಿಯ ನೀರಿನಿಂದ ಆಸಿಡ್ ಮುರಿದು, ತೊಳೆದ ನೀರು ತಿಳಿಯಾಗುವವರೆಗೆ ಉಜ್ಜಬೇಕಿತ್ತು. ಒಮ್ಮೆ ಒದ್ದೆ ಬಟ್ಟೆಯಾಡಿಸಿ ಸಂಜೆಗೇ ಸೀಲರ್ ಬಳಿದರು. ಅದು ನೆಲಕ್ಕೆ ಅಂಟಿಲ್ಲ, ಉಳಿದ ಪುಡಿಗೆ ಅಂಟಿದೆ. ಇನ್ನೂ ಹಸಿಯಿದೆಯಲ್ಲ ಎಂದರೆ, ಬಳ್ಳಾರಿಯ ಬಿಸಿಲಿಗೆ ಒಣಗದ್ದು ಏನಿದೆ ಎಂದು ಮೇಸ್ತ್ರಿ ನಕ್ಕರು. ಬಿಸಿಲು ಇರುವುದು ಮಾಳಿಗೆಯ ಮೇಲೆ ಸ್ವಾಮಿ, ಪಡಸಾಲೆಯೊಳಗಲ್ಲ.

ಫೋನ್ ಮಾಡಿದರೆ ನಿಮ್ಮ ಕಚೇರಿಯಲ್ಲಿ "ಹಳೆಯ ನೆಲ ಹಾಗೇ" ಎಂಬ ಉತ್ತರ. ಹಳೆಯದೆಂದೇ ಅಲ್ಲವೇ ನಿಮ್ಮನ್ನು ಕರೆಸಿದ್ದು?

ಸೀಲರ್, ಮೇಣ, ಗೋಂದು ಎಲ್ಲವನ್ನೂ ಯಂತ್ರದಿಂದ ತೆಗೆಸಿ. ಬಾಗಿಲ ಹಿಂದೆ ಒಂದು ಚದರ ಅಡಿಯಲ್ಲಿ ಮೊದಲು ಮಾದರಿ ತೋರಿಸಿ. ಸುಣ್ಣ ಹೋದ ಕಡೆ ಆಸಿಡ್ ಸ್ಟೇನ್ ಹಿಡಿಯದಿದ್ದರೆ ನೀರಿನಲ್ಲಿ ಕಲಸುವ ಸ್ಟೇನ್ ಆದರೂ ಸರಿ, ಬಣ್ಣ ತುಸು ಬೇರೆಯಾದರೆ ನನ್ನ ತಕರಾರಿಲ್ಲ. 15 ದಿನದೊಳಗೆ ಇದಾಗದಿದ್ದರೆ ಪೂರ್ತಿ ಹಣ ಮರಳಿಸಬೇಕು. ಎರಡೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.

ರಸೀದಿಯ ಪ್ರತಿ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ. ಮನೆಗೆ ಬರುವ ಮುನ್ನ ಫೋನ್ ಮಾಡಿ. ಕುರ್ಚಿ, ಮಂಚಗಳೆಲ್ಲ ಇನ್ನೂ ಅಂಗಳದಲ್ಲೇ ಇವೆ.

ಇತಿ ತಮ್ಮ ವಿಶ್ವಾಸಿ,
ಮನೆಯ ಮಾಲೀಕ