ಹದಿನೇಳನೇ ಪುಟ ಹಾಗೇ ಇರಲಿ

ಮಾರಾಯ,

ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ. ಅದೂ ಎಲ್ಲರೆದುರು. ನಿನಗೊಬ್ಬನಿಗೇ ಬರೆದರೆ ಅರ್ಧ ಮುಚ್ಚಿಟ್ಟುಬಿಡ್ತೀನಿ.

ನಾನು ಬರೆದು ನೀನು ಚಿತ್ರ ಬಿಡಿಸ್ತಿರೋ ನಮ್ಮ ಚಿತ್ರಕಾದಂಬರಿಯ ಹದಿನೇಳನೇ ಪುಟವನ್ನು ಮೂರು ಸಲ ವಾಪಸ್ ಕಳಿಸಿದೆ, ಮಾತು ತುಂಬೋ ಬಲೂನಿಗೆ ಜಾಗ ಸಾಲದು ಅಂತ. ನೆಪ ಸುಳ್ಳೇನಲ್ಲ. ಇಂಗ್ಲಿಷ್ ಕಾಮಿಕ್ಸ್‌ನ ಕ್ಯಾಪಿಟಲ್ ಅಕ್ಷರಗಳು ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತೆ, ಗುಡಿಸು ಮೇಲೇಳುತ್ತೆ, ಸಾಲಿನ ನಡುವೆ ಜಾಗ ಬಿಡಲೇಬೇಕು. 'ಮುಳುಗಿಹೋಗುತ್ತದಂತೆ' ಅನ್ನೋ ಒಂದೇ ಪದ ಬಲೂನಿನ ಅಗಲವನ್ನೆಲ್ಲ ತಿನ್ನುತ್ತೆ.

ನಿಜವಾದ ಕಾರಣ ಬೇರೆ. ಆ ಪುಟಕ್ಕೆ ನಾನು ಕೊಟ್ಟಿದ್ದು ಹನ್ನೊಂದು ಸಾಲು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಅಜ್ಜಿ ಮನೆ ಬಿಟ್ಟ ಬೆಳಗ್ಗೆ, ಶರಾವತಿ ಮೇಲಿನ ಅವಳ ಸಿಟ್ಟು, ನಾಡಿಗೆಲ್ಲ ಕರೆಂಟು ಬರುತ್ತಮ್ಮ ಅಂದ ಅಧಿಕಾರಿಯ ಮಾತು, ಎಲ್ಲ ತುಂಬಿದ್ದೆ. ನೀನು ಹನ್ನೊಂದನ್ನೂ ಬಿಟ್ಟೆ. ಮುಳುಗೋ ಮನೆಯ ಹೊಸ್ತಿಲು ಸಾರಿಸಿ ರಂಗೋಲಿ ಎಳೀತಿರೋ ಅವಳ ಬೆನ್ನು ಮಾತ್ರ ಬರೆದೆ. ಚಿತ್ರದ ಸುತ್ತ ಪ್ಯಾನೆಲ್ಲಿನ ಚೌಕದ ಗೆರೆಯೂ ಇಲ್ಲ. ಕೆಳಗೆ ಖಾಲಿ ಬಿಳುಪು. ಅಂಗಳ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯ್ತೋ ತಿಳಿಯೋದಿಲ್ಲ.

ನೋಡಿ ಗಂಟಲು ಕಟ್ಟಿತು. ಹಿಂದೆಯೇ ಹೊಟ್ಟೆ ಉರಿಯಿತು. ನಮ್ಮಜ್ಜಿಯ ಮುಖವನ್ನೇ ನೋಡದವನಿಗೆ ಅವಳ ಬೆನ್ನು ಹೇಗೆ ಗೊತ್ತಾಯ್ತು?

ಮೊನ್ನೆ ಅಂಬೇಡ್ಕರರ ಬದುಕಿನ ಚಿತ್ರಕಾದಂಬರಿ 'ಭೀಮಾಯಣ' ಮತ್ತೆ ತೆಗೆದೆ. ಪಾತ್ರಗಳನ್ನು ಚೌಕದೊಳಗೆ ಕೂಡಿಹಾಕಲ್ಲ ಅಂದರಲ್ಲ ಅದರ ಚಿತ್ರ ಬರೆದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್! ಮೆದು ಮಾತಿಗೆ ಹಕ್ಕಿಯಾಕಾರದ ಬಲೂನು, ಜಾತಿಯ ವಿಷ ಕಾರೋ ಮಾತಿಗೆ ಚೇಳಿನ ಕೊಂಡಿ. ಅಂಬೇಡ್ಕರರ ಕಥೆಯನ್ನು ಬರೆದು ಕೊಟ್ಟವರು ಶ್ರೀವಿದ್ಯಾ ನಟರಾಜನ್, ಎಸ್. ಆನಂದ್. ಆದರೆ ಯಾವ ಮಾತು ಕುಟುಕುತ್ತೆ ಅಂತ ಓದೋಕೆ ಮುಂಚೆಯೇ ಕಣ್ಣಿಗೆ ಕಾಣಿಸಿದವರು ಆ ಗೋಂಡ್ ಬುಡಕಟ್ಟಿನ ಕಲಾವಿದರು. ಪುಸ್ತಕ ನಾಲ್ವರದ್ದೂ.

ಇಲ್ಲಿಗೇ ನಿಲ್ಲಿಸೋಣ ಅಂದುಕೊಂಡಿದ್ದೆ, ಆಗ್ತಿಲ್ಲ. ಹೋದ ತಿಂಗಳು ಒಂದು ಸಭೆಯಲ್ಲಿ ಯಾರೋ ಕೇಳಿದರು: 'ನಿಮ್ಮ ಕಾದಂಬರಿಗೆ ಯಾರೋ ಚಿತ್ರ ಬರೆದುಕೊಡ್ತಿದಾರಂತೆ?' ಹೂಂ ಅಂದೆ. ಆ 'ಯಾರೋ' ನೀನು. ಒಂದು ಪುಟದ ಸ್ಕ್ರಿಪ್ಟ್ ನನಗೆ ಒಂದು ಸಂಜೆಯ ಕೆಲಸ. ಪೆನ್ಸಿಲ್, ಇಂಕು, ಬಣ್ಣ ಅಂತ ಅದೇ ಪುಟಕ್ಕೆ ನಿನಗೆ ವಾರ ಹಿಡಿಯುತ್ತೆ. ನಿನ್ನ ಹೆಬ್ಬೆರಳು ಊದಿದ್ದನ್ನು ನೀನು ಹೇಳಲಿಲ್ಲ, ವಿಡಿಯೋ ಕಾಲಿನಲ್ಲಿ ನಾನು ಕಂಡೆ. ಕಂಡೂ ಹದಿನೆಂಟನೇ ಪುಟ ಯಾವಾಗ ಅಂತ ಕೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ ಕಣೋ.

ಪ್ರಕಾಶಕರಿಗೆ ನಿನ್ನೆಯೇ ಹೇಳಿದ್ದೀನಿ: ಮುಖಪುಟದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ, ನಿನ್ನದು ಮೊದಲು. ಹನ್ನೊಂದು ಸಾಲನ್ನೂ ತೆಗೆದುಹಾಕಿದೆ.

ಸರಿ, ಸಾಕು ಇದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರಿಳಿದು, ಅದರಲ್ಲಿ ಮುಳುಗಿರೋ ಹಳೇ ಮಡೆನೂರು ಅಣೆಕಟ್ಟು ಮೇಲೆದ್ದಾಗ ಬಾ. ಅದರ ಮೇಲೆ ನಿಂತು ಅಜ್ಜಿಯ ಊರಿನ ದಿಕ್ಕು ತೋರಿಸ್ತೀನಿ, ಸ್ಕೆಚ್ ಬುಕ್ ಮರೀಬೇಡ. ಅಮ್ಮ ಹಲಸಿನ ಹಪ್ಪಳದಲ್ಲಿ ನಿನ್ನ ಪಾಲು ಎತ್ತಿಡ್ತಾಳಂತೆ.

ನಿನ್ನವ